‘ಮಾರ್’ ಕ್ರಿಯಾಪದದ ಬೇರು ಹಿಡಿದ ಬಗೆ: ನನ್ನ ಅನುಭವ

ಇಂಗ್ಲಿಷಿನ ‘ಮಾರ್’ ಕ್ರಿಯಾಪದಕ್ಕೆ ನಮ್ಮ ನಿಘಂಟುಗಳು ‘ಕೆಡಿಸು, ಅಂದಗೆಡಿಸು’ ಎಂದು ಅರ್ಥ ಬರೆದು ಮುಂದಿನ ಪದಕ್ಕೆ ಹೋಗಿಬಿಡುತ್ತವೆ. ಅದರ ಮೂಲವನ್ನು ಧ್ವನಿನಿಯಮಗಳಿಂದ, ಅಂದರೆ ಕಾಲ ಕಳೆದಂತೆ ಉಚ್ಚಾರ ಬದಲಾಗುವ ನಿಯಮಗಳಿಂದ, ಆರಂಭಿಸದೆ, ಏನೇನು ಕೆಟ್ಟಿತು ಎಂಬ ಕರ್ಮಪದಗಳ ಪಟ್ಟಿಯಿಂದ ಹಿಡಿಯುತ್ತೇನೆಂದು ನಾನು ಹೇಳಿದಾಗ, ಪದಮೂಲದಲ್ಲಿ ಪಳಗಿದ ಗೆಳೆಯರು ಇದು ದಾರಿಯೇ ಅಲ್ಲವೆಂದು ತಲೆಯಾಡಿಸಿದ್ದರು. ಪಟ್ಟಿ ಫಲ ಕೊಟ್ಟಿದೆ, ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಅವರು ಹೇಳಿದ ದಾರಿಯಲ್ಲೇ ಹೋಗಿ ನೋಡಿದ್ದೆ. ‘ಮಾರ್’ ಎಂದೊಡನೆ ಸಂಸ್ಕೃತದ ಮೃ ಧಾತು, ಮರಣ, ಮಾರಕ, ಸಾವೆಂಬ ಅರ್ಥದ ಲ್ಯಾಟಿನ್ನಿನ ‘ಮೊರ್ಸ್’ ಎಲ್ಲವೂ ಸಾಲಾಗಿ ಬಂದು ನಿಲ್ಲುತ್ತವೆ, ಮತ್ತು ಕೆಡಿಸುವುದಕ್ಕೂ ಕೊಲ್ಲುವುದಕ್ಕೂ ನಂಟು ಕಲ್ಪಿಸುವುದು ಯಾರಿಗೂ ಕಷ್ಟವಲ್ಲ. ಒಂದು ಮಳೆಗಾಲವೆಲ್ಲ ಅದರಲ್ಲೇ ಕಳೆಯಿತು. ಆದರೆ ಹಳೆಯ ಇಂಗ್ಲಿಷಿನ ರೂಪ ‘ಮೆರ್ರನ್’. ಅಲ್ಲಿ ರಕಾರಕ್ಕೆ ದ್ವಿತ್ವವಿದೆ, ಮೃ ಧಾತುವಿನಿಂದ ಆ ಎರಡನೆಯ ರಕಾರ ಹುಟ್ಟುವುದಿಲ್ಲ. ಅಷ್ಟಕ್ಕೇ ಆ ದಾರಿ ಮುಚ್ಚಿತು.

ಖರ್ಚಿನ ಮಾತನ್ನೂ ಹೇಳಬೇಕು. ಬಾಸ್‌ವರ್ತ್ ಮತ್ತು ಟಾಲರ್ ಅವರ ಆಂಗ್ಲೋ-ಸ್ಯಾಕ್ಸನ್ ನಿಘಂಟಿನ 1898ರ ಮುಖ್ಯ ಸಂಪುಟವನ್ನೂ 1921ರ ಪುರವಣಿಯನ್ನೂ ಹೊರದೇಶದಿಂದ ಹಳೆಯ ಪ್ರತಿಗಳಾಗಿ ತರಿಸಿದಾಗ, ಅಂಚೆವೆಚ್ಚ ಸೇರಿ ಎಂಟೊಂಬತ್ತು ಸಾವಿರ ರೂಪಾಯಿ ಆಗಿರಬಹುದು. ಅದೇ ನಿಘಂಟು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆಂದು ಮನೆಯವರು ಈಗಲೂ ನೆನಪಿಸುತ್ತಾರೆ. ಒಂದೊಂದು ಪ್ರಯೋಗವನ್ನು ಬರೆದಿಡುವ ಚೀಟಿಗಳಿಗೆ, ನೆರಳಚ್ಚುಗಳಿಗೆ ಇನ್ನೊಂದೆರಡು ಸಾವಿರ ಹೋಯಿತು. ನಿಜಕ್ಕೂ ಕೆಲಸಕ್ಕೆ ಬಂದದ್ದು ಚೀಟಿಗಳೇ.

ಪಟ್ಟಿಯನ್ನು 1611ರ ಇಂಗ್ಲಿಷ್ ಬೈಬಲ್ಲಿನಿಂದ ಆರಂಭಿಸಿದೆ. ಅಲ್ಲಿ ‘ಮಾರ್’ ಆಗುವ ವಸ್ತುಗಳು ವಿಚಿತ್ರವಾಗಿವೆ: ರೂತಳ ಕಥೆಯಲ್ಲಿ ಪಿತ್ರಾರ್ಜಿತ ಆಸ್ತಿ, ಯಾಜಕಕಾಂಡದಲ್ಲಿ ಗಡ್ಡದ ಅಂಚು, ಮಾರ್ಕನ ಸುವಾರ್ತೆಯಲ್ಲಿ ದ್ರಾಕ್ಷಾರಸದ ಬುದ್ದಲಿ. ನನ್ನನ್ನು ತಡೆದು ನಿಲ್ಲಿಸಿದ್ದು ಯೆರೆಮೀಯನ 18ನೆಯ ಅಧ್ಯಾಯದ ಕುಂಬಾರ. ತಿಗರಿಯ ಮೇಲೆ ಅವನು ಮಾಡುತ್ತಿದ್ದ ಪಾತ್ರೆ ಕೈಯಲ್ಲಿರುವಾಗಲೇ ‘ಮಾರ್’ ಆಗುತ್ತದೆ, ಅವನು ಅದೇ ಮಣ್ಣಿನಿಂದ ಬೇರೊಂದು ಪಾತ್ರೆಯನ್ನು ಮಾಡುತ್ತಾನೆ. ಮಣ್ಣು ನಾಶವಾಗಲಿಲ್ಲ, ಪಾತ್ರೆ ಒಡೆದು ಚೂರಾಗಲೂ ಇಲ್ಲ. ನಡೆಯುತ್ತಿದ್ದ ಕೆಲಸವೊಂದು ದಾರಿ ತಪ್ಪಿತು, ಅಷ್ಟೇ. ಈ ಚೀಟಿಯನ್ನು ಬರೆದಿಟ್ಟ ಸಂಜೆಯೇ ಮೂಲಾರ್ಥ ಕೆಡಿಸುವುದಲ್ಲ, ತಪ್ಪಿಸುವುದು ಎಂದು ನನಗೆ ಹೊಳೆಯಿತು. ಮುಂದೆ ಸಿಕ್ಕಿದ ಆಧಾರಗಳು ಆ ಊಹೆಯನ್ನು ಗಟ್ಟಿ ಮಾಡಿದವೇ ಹೊರತು ಅಲುಗಾಡಿಸಲಿಲ್ಲ ಎಂಬುದನ್ನು ತುಸು ಹೆಮ್ಮೆಯಿಂದಲೇ ಹೇಳುತ್ತೇನೆ.

ಅಲ್ಲಿಂದ ಹಿಂದಕ್ಕೆ ನಡೆದೆ. ಹಳೆಯ ಇಂಗ್ಲಿಷಿನ ‘ಮೆರ್ರನ್’ ಪದಕ್ಕೆ ಪೋಲುಮಾಡುವ, ಕೆಡಿಸುವ ಅರ್ಥದ ಜೊತೆಗೆ ಅಡ್ಡಿಪಡಿಸುವ ಅರ್ಥವೂ ಇದೆ. ಹಳೆಯ ಹೈ ಜರ್ಮನ್ನಿನ ‘ಮರ್ರೆನ್’ ಅಡ್ಡಿಯ ಅರ್ಥದಲ್ಲೇ ನಿಲ್ಲುತ್ತದೆ. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಹಳೆಯ ಜರ್ಮನಿಕ್ ಭಾಷೆಯಾದ ಗೋಥಿಕ್‌ಗೆ ಮಾಡಿದ ಬೈಬಲ್ ಅನುವಾದದಲ್ಲಿ, ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ, ಬಲಗಣ್ಣು ಮನುಷ್ಯನನ್ನು ಎಡವಿಸುವ ಕಡೆ ಬರುವ ಪದವೇ ‘ಮರ್ಜ಼್ಯನ್’. ಫ್ರಾಂಕರೆಂಬ ಜರ್ಮನಿಕ್ ಜನರ ಮಾತಿನಿಂದ ಲ್ಯಾಟಿನ್ ಮೂಲದ ರೊಮಾನ್ಸ್ ಭಾಷೆಗಳಿಗೆ ದಾಟಿದ ಕವಲಿನಲ್ಲಿ ಇಟಾಲಿಯನ್ನಿನ ‘ಸ್ಮರ್ರೀರೆ’ ಇದೆ. ಡಾಂಟೆಯ ಮಹಾಕಾವ್ಯದ ಆರಂಭದಲ್ಲೇ ಕವಿಗೆ ತಪ್ಪಿಹೋದ ನೇರದಾರಿಗೆ ಬಳಕೆಯಾದದ್ದು ಇದೇ ಪದ. ಎಡವಿದ್ದು ಮೊದಲು ಮನುಷ್ಯ, ಆಮೇಲೆ ಅವನ ಕೆಲಸ, ಕೊನೆಗೆ ಅವನ ವಸ್ತು.

ಧ್ವನಿನಿಯಮ ಬೇಕಾದದ್ದು ಇಲ್ಲಿ. ಗೋಥಿಕ್ ರೂಪದ ‘ರ್ಜ಼’ ಇಂಗ್ಲಿಷ್, ಜರ್ಮನ್ ಸೇರಿದ ಪಶ್ಚಿಮ ಜರ್ಮನಿಕ್ ಭಾಷೆಗಳಲ್ಲಿ ‘ರ್ರ’ ಆಗಿದೆ, ಮೃ ಧಾತು ವಿವರಿಸಲಾರದೆ ಹೋದ ದ್ವಿತ್ವದ ಗುಟ್ಟು ಇದು. ಆ ಜ಼ಕಾರ, ಪದದಲ್ಲಿ ಒತ್ತು ಬೀಳುವ ಜಾಗಕ್ಕೆ ತಕ್ಕಂತೆ ಸಕಾರ ಜ಼ಕಾರವಾಗುತ್ತದೆನ್ನುವ ವರ್ನರ್ ನಿಯಮದಂತೆ, ಹಿಂದಿನ ಸಕಾರದಿಂದ ಬಂದದ್ದು. ‘ಮೆರ್’ ಎಂಬುದು ‘ಮಾರ್’ ಆದದ್ದು ಸಾರ್ಜೆಂಟ್, ಕ್ಲಾರ್ಕ್ ಎಂಬ ಉಚ್ಚಾರಗಳನ್ನು ಕೊಟ್ಟ ಬದಲಾವಣೆಯಿಂದಲೇ. ಸಕಾರ ಸಿಕ್ಕಿದ ಮೇಲೆ ಸಂಸ್ಕೃತದ ಬಾಗಿಲು ತೆರೆಯಿತು. ಅಲ್ಲಿರುವುದು ಮೃ ಅಲ್ಲ, ಮೃಷ್, ಅಂದರೆ ಮರೆ, ಲಕ್ಷಿಸದಿರು, ಸಹಿಸು. ಅದರ ಪ್ರೇರಣಾರ್ಥಕ ‘ಮರ್ಷಯತಿ’ಯ ಪಕ್ಕದಲ್ಲಿ ‘ಮರ್ಜ಼್ಯನ್’ ಇಟ್ಟು ನೋಡಿದರೆ ಅಕ್ಷರಕ್ಕೆ ಅಕ್ಷರ ಕೂಡುತ್ತದೆ. ಮರೆಸುವುದರಿಂದ ದಾರಿ ತಪ್ಪಿಸುವುದು, ಅದರಿಂದ ಅಡ್ಡಿ, ಅಡ್ಡಿಯಿಂದ ಕೇಡು ಎಂಬ ಸರಣಿಯನ್ನು ನಾನು ಒಪ್ಪುತ್ತೇನೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ಅಸಹನೆಗೆ ಹೇಳುವ ‘ಅಮರ್ಷ’, ಸುಳ್ಳೆಂಬ ಅರ್ಥದ ‘ಮೃಷಾ’ ಇದೇ ಧಾತುವಿನವು. ‘ವಿಮರ್ಶೆ’ಯನ್ನು ಇಲ್ಲಿಗೆ ಎಳೆಯಬಾರದು, ಅದು ತಾಲವ್ಯ ಶಕಾರದ ಬೇರೆ ಧಾತು.

ಲಿಥುವೇನಿಯನ್ನಿನಲ್ಲಿ ಮರೆಯುವುದಕ್ಕೆ ‘ಮಿರ್ಶ್ತಿ’ ಎಂದಿರುವುದನ್ನು ಕಂಡು, ನಮ್ಮ ‘ಮರೆ’ಯೂ ಇದೇ ಕುಲವೇ ಎಂದು ಕೆಲವು ದಿನ ಕೆದಕಿದೆ. ಹಳಗನ್ನಡದಲ್ಲಿ ಅದು ಶಕಟರೇಫದ, ಅಂದರೆ ಹಳೆಯ ಗಡಸು ರಕಾರದ, ‘ಮಱೆ’, ದ್ರಾವಿಡದ ಸ್ವಂತ ಸೊತ್ತು. ಹೋಲಿಕೆ ಬರಿಯ ಆಕಸ್ಮಿಕ.

ಶತಮಾನವಾರು ವಿಂಗಡಿಸಿದ ಚೀಟಿಗಳನ್ನು ಒಂದೊಂದು ಶತಮಾನದ ಒಳಗೆ ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಅದೇ ಕ್ರಮವನ್ನು ‘ಸ್ಪಿಲ್’ ಪದಕ್ಕೂ ಹಚ್ಚಿ ನೋಡಿದೆ. ಇಂದು ಹಾಲು ಚೆಲ್ಲುವ ಈ ಕ್ರಿಯಾಪದ ಹಿಂದೆ ಕೊಲ್ಲುವ, ನಾಶಮಾಡುವ ಪದವಾಗಿತ್ತು, ಚೀಟಿಗಳು ಸುಲಭವಾಗಿ ಸಾಲುಗೂಡಿದವು. ಕೊಳೆತ ಮೊಟ್ಟೆಯ ‘ಆಡಲ್’ ಮಾತ್ರ ಒಗ್ಗಲಿಲ್ಲ, ಏಕೆಂದರೆ ಅದು ಹುಟ್ಟಿದ್ದು ಕೊಳಚೆ ನೀರಿನ ಹೆಸರಾಗಿ, ಕ್ರಿಯಾಪದವಾದದ್ದು ಬಹಳ ಆಮೇಲೆ. ಆರಂಭದಲ್ಲಿ ಕರ್ಮಪದವೇ ಇಲ್ಲದ ಕಡೆ ನನ್ನ ಪಟ್ಟಿಗೆ ಕೆಲಸವಿಲ್ಲ.