ಗಾಳಿಯನ್ನು ಕೇಳಿ ಹೊರಡಿ: ಮಿಷಿಗನ್ ಸರೋವರದ ದಂಡೆಯಲ್ಲಿ ಐದು ದಿನ

ಅಮೆರಿಕದ ಮಿಷಿಗನ್ ಸರೋವರದ ಮುಂದೆ ಮೊದಲ ಸಲ ನಿಂತಾಗ ನೀರಿಗೆ ಬೆರಳದ್ದಿ ನಾಲಿಗೆಗೆ ತಾಗಿಸಿ ನೋಡಿದ್ದೆ. ಆಚೆ ದಡ ಕಾಣುವುದಿಲ್ಲ, ಅಲೆ ಮೊರೆಯುತ್ತದೆ, ಆದರೆ ಉಪ್ಪಿಲ್ಲ. ಮಗ ನಕ್ಕುಬಿಟ್ಟ. ಆಮೇಲಿನ ನಾಲ್ಕು ಬೇಸಿಗೆ ಅವನ ಮನೆಯಲ್ಲಿದ್ದು ಪೂರ್ವ ದಂಡೆಯನ್ನು ತಿರುಗಿದ್ದೇನೆ. ಹೋಗುವವರಿಗೆ ಬೇಕಾಗುವುದನ್ನಷ್ಟೇ ಬರೆಯುತ್ತೇನೆ.

ಸೇಂಟ್ ಜೋಸೆಫ್‌ನಲ್ಲಿ ಆರಂಭಿಸಿ ಸೌತ್ ಹೇವನ್, ಹಾಲೆಂಡ್, ಗ್ರ್ಯಾಂಡ್ ಹೇವನ್, ಲಡಿಂಗ್ಟನ್ ಎಂದು ಉತ್ತರಕ್ಕೆ ಸಾಗಿ. ನೀರಿಗಿಳಿಯುವ ಆಸೆಯಿದ್ದರೆ ಜುಲೈ ನಡುವಿನಿಂದ ಆಗಸ್ಟ್ ಕೊನೆಯವರೆಗಿನ ದಿನಗಳೇ ಸರಿ. ಜೂನ್‌ನ ನೀರು ನನ್ನ ಮೂಳೆಗಂತೂ ಒಗ್ಗಲಿಲ್ಲ.

ಯಾವ ದಿನ ಎಲ್ಲಿಗೆ ಎಂಬುದನ್ನು ಮಾತ್ರ ಮುಂಚೆಯೇ ಗಟ್ಟಿ ಮಾಡಿಕೊಳ್ಳಬೇಡಿ. ಬೆಳಿಗ್ಗೆ ಗಾಳಿಯ ಮುನ್ಸೂಚನೆ ನೋಡಿ. ಪಶ್ಚಿಮದ ಗಾಳಿ ಜೋರಾಗಿದ್ದರೆ ಈ ದಂಡೆಗೆ ದೊಡ್ಡ ಅಲೆಗಳು ಬರುತ್ತವೆ. ಅಂದು ದೀಪಸ್ತಂಭದ ಗೋಪುರ ಹತ್ತಿ, ಮರಳುದಿಬ್ಬ ನೋಡಿ. ಉತ್ತರದ ಗಾಳಿ ಒಂದೆರಡು ದಿನ ಬೀಸಿದರೆ ಮೇಲಿನ ಬೆಚ್ಚನೆಯ ನೀರು ದಡದಿಂದ ಸರಿದು, ತಳದ ತಣ್ಣೀರು ಮೇಲೆದ್ದು ಬರುತ್ತದೆ. ನಿನ್ನೆ ಮೊಮ್ಮಗಳು ಗಂಟೆಗಟ್ಟಲೆ ಆಡಿದ್ದ ಜಾಗದಲ್ಲಿ ಇಂದು ಪಾದ ಇಟ್ಟರೆ ಮರಗಟ್ಟುತ್ತದೆ. ಬಿಸಿಲಿಗೂ ಇದಕ್ಕೂ ಸಂಬಂಧವೇ ಇಲ್ಲ.

ದಡದ ಬಾವುಟಗಳ ಬಗ್ಗೆ ಉದಾಸೀನ ಬೇಡ. ಹಸಿರು ಇದ್ದರೆ ಈಜಬಹುದು, ಹಳದಿಯಿದ್ದರೆ ಎಚ್ಚರ, ಕೆಂಪು ಇದ್ದರೆ ದಡದಲ್ಲೇ ಇರಿ. ಎರಡು ಕೆಂಪು ಹಾರುತ್ತಿದ್ದರೆ ನೀರಿಗಿಳಿಯುವುದೇ ನಿಷಿದ್ಧ. ಸಿಹಿನೀರು ಕಡಲಿನಷ್ಟು ನಮ್ಮನ್ನು ತೇಲಿಸುವುದಿಲ್ಲ. ಅಲೆಗಳು ಒಂದರ ಬೆನ್ನಿಗೊಂದು ಬರುವುದರಿಂದ ಉಸಿರೆಳೆದುಕೊಳ್ಳಲು ಬಿಡುವು ಸಿಗುವುದಿಲ್ಲ. ನೀರೊಳಗೆ ಚಾಚಿಕೊಂಡ ಕಟ್ಟೆಗಳ ಪಕ್ಕದಲ್ಲಿ ಸೆಳೆತ ಹೊರಮುಖವಾಗಿರುತ್ತದೆ, ಅಲ್ಲಿ ಈಜಲೇಬೇಡಿ.

ಗ್ರ್ಯಾಂಡ್ ಹೇವನ್‌ನ ಕಟ್ಟೆಯ ಮೇಲೆ ಎರಡು ಕೆಂಪು ದೀಪಸ್ತಂಭಗಳಿವೆ. ನೋಡಬೇಕಾದದ್ದು ತಲೆಯ ಮೇಲೆ ಹಾದುಹೋಗುವ ಕಬ್ಬಿಣದ ಕಾಲುದಾರಿ. ಬಿರುಗಾಳಿಯ ರಾತ್ರಿ ಅಲೆಗಳು ಕಟ್ಟೆಯನ್ನೇ ಮುಳುಗಿಸುವಾಗ ದೀಪ ನೋಡಿಕೊಳ್ಳುವವನು ಆ ದಾರಿಯಲ್ಲಿ ನಡೆಯುತ್ತಿದ್ದ. ಅದನ್ನೊಮ್ಮೆ ಕತ್ತೆತ್ತಿ ನೋಡಿದ ಮೇಲೂ ಗಾಳಿಯ ದಿನ ಕಟ್ಟೆಯ ತುದಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವವರಿಗೆ ಏನು ಹೇಳಲಿ?

ಹಾಲೆಂಡ್‌ನ 'ಬಿಗ್ ರೆಡ್' ದೀಪಸ್ತಂಭ ನೋಡಲು ಕಾಲುವೆಯ ಉತ್ತರಕ್ಕಿರುವ ಹಾಲೆಂಡ್ ಸ್ಟೇಟ್ ಪಾರ್ಕಿಗೆ ಹೋಗಿ. ನಾವು ಮೊಬೈಲ್ ನಕ್ಷೆ ನಂಬಿ ದೀಪಸ್ತಂಭ ಇರುವ ದಕ್ಷಿಣ ಬದಿಗೇ ಹೋದೆವು; ಅಲ್ಲಿನ ದಾರಿ ಖಾಸಗಿ ಜಾಗದ್ದು, ಗೇಟಿನ ಮುಂದೆ ಪೆಚ್ಚಾಗಿ ಕಾರು ತಿರುಗಿಸಿದೆವು. ಅಷ್ಟಕ್ಕೂ ಅಂದ ಕಾಣುವುದು ಎದುರು ದಡದಿಂದಲೇ. ವಾರಾಂತ್ಯದಲ್ಲಾದರೆ ಬೆಳಿಗ್ಗೆಯೇ ತಲುಪಿ, ಪಾರ್ಕಿಂಗ್ ಬೇಗ ತುಂಬುತ್ತದೆ.

ಒಂದೇ ಒಂದು ಗೋಪುರ ಹತ್ತುವುದಾದರೆ ಲಡಿಂಗ್ಟನ್ ಸ್ಟೇಟ್ ಪಾರ್ಕಿನ ಬಿಗ್ ಸೇಬಲ್ ದೀಪಸ್ತಂಭ ಹತ್ತಿ. 1867ರದ್ದು, 112 ಅಡಿ ಎತ್ತರ, ಕಪ್ಪು ಬಿಳುಪಿನ ಪಟ್ಟೆ. ಕಾರು ನಿಲ್ಲಿಸಿ ಸುಮಾರು ಮೂರು ಕಿಲೋಮೀಟರ್ ನಡೆಯಬೇಕು, ಹಾದಿಯಲ್ಲಿ ನೆರಳು ಕಡಿಮೆ. ಟೋಪಿ, ನೀರು ಮರೆಯಬೇಡಿ. ಒಳಗೆ 130 ಮೆಟ್ಟಿಲು. ನನ್ನ ಮಂಡಿ ಎಂಬತ್ತನೆಯದಕ್ಕೇ ತಕರಾರು ತೆಗೆಯಿತು. ಮೇಲೆ ಒಂದು ಕಡೆ ನೀಲಿ, ಇನ್ನೊಂದು ಕಡೆ ದಿಬ್ಬ, ಮನೆಯೊಂದೂ ಇಲ್ಲ. ಗೋಪುರ ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

ಇನ್ನೂ ಉತ್ತರಕ್ಕೆ ಹೋದರೆ ಸ್ಲೀಪಿಂಗ್ ಬೇರ್ ದಿಬ್ಬಗಳು ಸಿಗುತ್ತವೆ. ವೀಕ್ಷಣಾ ಕಟ್ಟೆಯಿಂದ ನೀರಿಗೆ 450 ಅಡಿ ಇಳಿಜಾರು. ಇಳಿಯಲು ಐದು ನಿಮಿಷ ಸಾಕು. ಮರಳು ಜಾರುತ್ತಿರುವಾಗ ಮೇಲೆ ಬರಲು ಗಂಟೆಗಳೇ ಬೇಕು. ಮಕ್ಕಳ ಕೈ ಹಿಡಿದುಕೊಳ್ಳಿ.

ಪೆಟಾಸ್ಕಿ ಕಲ್ಲು ಹುಡುಕುವ ಹುಚ್ಚಿದ್ದರೆ ಕಣ್ಣಿಗಿಂತ ನೀರನ್ನು ನಂಬಿ. ಒಣಗಿದಾಗ ಅದು ಬರಿಯ ಬೂದು ಬಣ್ಣದ ಕಲ್ಲು. ಅದ್ದಿದೊಡನೆ ಜೇನುಗೂಡಿನಂತೆ ಆರು ಮೂಲೆಯ ಕೋಶಗಳು ಮೂಡುತ್ತವೆ, ಹಳೆಯ ಹವಳದ ಅಚ್ಚು. ಸ್ಲೀಪಿಂಗ್ ಬೇರ್‌ನಲ್ಲಿ ಒಂದನ್ನೂ ಎತ್ತಿಕೊಳ್ಳುವಂತಿಲ್ಲ. ಮೊಮ್ಮಗಳು ಜೇಬು ಖಾಲಿ ಮಾಡುವಾಗ ಅತ್ತದ್ದು ಅಷ್ಟಿಷ್ಟಲ್ಲ.

ಕೊನೆಗೆ ಊಟದ ವಿಷಯ. ಜುಲೈ ಮೊದಲಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಯ ಹೊತ್ತಿಗೆ. ಸೂರ್ಯಾಸ್ತ ನೋಡಿಕೊಂಡು ಉಣ್ಣೋಣ ಎಂದು ಹೊರಟ ನಮಗೆ ಊರಿನ ಹೋಟೆಲುಗಳೆಲ್ಲ ಬಾಗಿಲು ಹಾಕಿ ಸಿಕ್ಕವು. ಉಂಡೇ ದಂಡೆಗೆ ಹೋಗಿ, ಜೊತೆಗೊಂದು ಸ್ವೆಟರ್ ಇರಲಿ.