ಚಕ್ರ ಮುಟ್ಟಿತು, ಕೈ ಬಿಟ್ಟೆ

ಅವತ್ತು ಸೆಸ್ನಾ 172 ಎಂಬ ಪುಟ್ಟ ವಿಮಾನ ಇಳಿಸುತ್ತಿದ್ದದ್ದು ರನ್‌ವೇ 27ರಲ್ಲಿ, ಅಂದರೆ ಸುಮಾರು 270 ಡಿಗ್ರಿ ದಿಕ್ಕಿಗೆ. ಗಾಳಿ 310 ಡಿಗ್ರಿಯಿಂದ, ಅಂದರೆ ನನ್ನ ಬಲ ಮುಂಭಾಗದಿಂದ, 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.), ಆಗಾಗ 20ಕ್ಕೆ ಏರುತ್ತಿತ್ತು. ಬಲ ಚಕ್ರ ಮೆತ್ತಗೆ ನೆಲ ಮುಟ್ಟಿತು, ಆಮೇಲೆ ಎಡದ್ದು, ಕೊನೆಗೆ ಮೂಗಿನದ್ದು. ಇಳಿದಾಯ್ತು ಅಂದುಕೊಂಡು ಕೈ ಸಡಿಲ ಬಿಟ್ಟೆ. ಅಲ್ಲಿಯವರೆಗೆ ಬಲಕ್ಕೆ ತಿರುಗಿಸಿ ಹಿಡಿದಿದ್ದ ಯೋಕ್ (ಸ್ಟಿಯರಿಂಗ್‌ನಂಥ ಹಿಡಿ) ಮೆಲ್ಲಗೆ ನಡುವಿಗೆ ಬಂತು. ಅಷ್ಟರಲ್ಲೇ ಗಾಳಿ ಜೋರಾಗಿ ಬೀಸಿತು. ಬಲ ರೆಕ್ಕೆ ಎದ್ದಿತು, ಮೂಗು ಗಾಳಿಯ ಕಡೆ ಹೊರಳಿತು. ಎಡ ಚಕ್ರದ ಮೇಲೆ ವಾಲಿಕೊಂಡು ವಿಮಾನ ಅಂಚಿನತ್ತ ಜಾರತೊಡಗಿತು. ಯೋಕನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎಡ ರಡ್ಡರ್ (ಮೂಗನ್ನು ತಿರುಗಿಸುವ ಕಾಲಿನ ಪೆಡಲ್) ಒತ್ತಿ ಹಿಡಿದೆ. ಅಂಚಿನ ದೀಪಗಳ ಪಕ್ಕದಲ್ಲೇ ಅದು ನೇರವಾಯಿತು. ಕಾಲು ನಡುಗುತ್ತಿತ್ತು.

ಇಳಿದ ಮೇಲೂ ಸ್ವಲ್ಪ ಹೊತ್ತು ರೆಕ್ಕೆ ವಿಮಾನವನ್ನು ಎತ್ತುತ್ತಲೇ ಇರುತ್ತೆ. ವೇಗ ಇಳಿದಂತೆ ಏಲೆರಾನ್‌ಗೆ (ಯೋಕ್ ತಿರುಗಿಸಿದಾಗ ಆಡುವ ರೆಕ್ಕೆಯ ಹಿಂದಂಚಿನ ಪಟ್ಟಿ) ಹಿಡಿತ ಕಮ್ಮಿ. ಹಾಗಾಗಿ ಯೋಕನ್ನು ಬಿಡುವುದಲ್ಲ, ಗಾಳಿಯ ಕಡೆಗೆ ಇನ್ನೂ ಜಾಸ್ತಿ ತಿರುಗಿಸುತ್ತಾ ಹೋಗಬೇಕು. ಈಗ ವಿಮಾನ ನಡಿಗೆಯ ವೇಗಕ್ಕೆ ಬರುವಷ್ಟರಲ್ಲಿ ನನ್ನ ಯೋಕ್ ತುದಿ ಮುಟ್ಟಿರುತ್ತದೆ.

ಲೆಕ್ಕದಲ್ಲೂ ಎಡವಿದ್ದೆ. ಗಾಳಿಗೂ ರನ್‌ವೇಗೂ 30 ಡಿಗ್ರಿ ಅಂತರ ಇದ್ದರೆ ಗಾಳಿಯ ಅರ್ಧ ಅಡ್ಡಕ್ಕೆ ಬರುತ್ತೆ, 45 ಇದ್ದರೆ ನೂರಕ್ಕೆ 70. ಅವತ್ತು ಅಂತರ 40. ನಾನು 14 ನಾಟ್‌ಗೆ ಲೆಕ್ಕ ಹಾಕಿ 9 ಅಂದುಕೊಂಡೆ. 20ಕ್ಕೆ ಹಾಕಿದ್ದರೆ 13 ಬರುತ್ತಿತ್ತು. ಈ ವಿಮಾನದ ಕೈಪಿಡಿಯಲ್ಲಿ ಅಡ್ಡಗಾಳಿಗೆ ಇರುವುದು 15 ನಾಟ್. ಅದು ಪರೀಕ್ಷೆಯಲ್ಲಿ ಇಳಿಸಿ ತೋರಿಸಿದ ಗಾಳಿ, ನನ್ನ ಕೈಗೆ ಕೊಟ್ಟ ಭರವಸೆ ಅಲ್ಲ. ಈಗ ನನ್ನ ಮಿತಿ 10, ಅದೂ ಬೀಸುಗಾಳಿ ಸೇರಿಸಿ. ಮೀರಿದರೆ ಬೇರೆ ರನ್‌ವೇ ಹುಡುಕುತ್ತೇನೆ.

ಫೈನಲ್‌ನಲ್ಲಿ (ರನ್‌ವೇಗೆ ನೇರವಾಗಿ ಬರುವ ಕೊನೆಯ ಹಂತ) ಮೂಗನ್ನು ಗಾಳಿಯ ಕಡೆ ಇಟ್ಟು ಬರುತ್ತೇನೆ. ಫ್ಲೇರ್‌ಗೆ (ನೆಲ ಮುಟ್ಟುವ ಮುನ್ನ ಮೂಗು ಎತ್ತುವುದು) ಸ್ವಲ್ಪ ಮುಂಚೆ ರಡ್ಡರ್‌ನಿಂದ ಮೂಗನ್ನು ನೇರ ಮಾಡಿ, ಗಾಳಿ ಕಡೆಯ ರೆಕ್ಕೆ ತಗ್ಗಿಸುತ್ತೇನೆ. ಮೂಗು ಕಾಲಿನ ಕೆಲಸ, ಪಕ್ಕಕ್ಕೆ ಸರಿಯದಂತೆ ತಡೆಯುವುದು ಕೈ ಕೆಲಸ. ಬೀಸುಗಾಳಿ ಎಷ್ಟು ಏರುತ್ತದೋ ಅದರ ಅರ್ಧದಷ್ಟು ವೇಗ ಸೇರಿಸುತ್ತೇನೆ: 6 ಏರಿದರೆ 3 ನಾಟ್. ಪೂರ್ತಿ ರಡ್ಡರ್ ಒತ್ತಿದರೂ ಮೂಗು ನೇರ ನಿಲ್ಲದಿದ್ದರೆ ಅಲ್ಲಿಗೆ ಮುಗೀತು, ಪವರ್ ಕೊಟ್ಟು ಗೋ-ಅರೌಂಡ್, ಅಂದರೆ ಇಳಿಯದೆ ಮತ್ತೆ ಮೇಲಕ್ಕೆ. ಇದಕ್ಕೆ ನಾಚಿಕೆ ಪಡಬೇಕಾಗಿಲ್ಲ ಅಲ್ವಾ?

ರನ್‌ವೇ ಬಿಟ್ಟು ಟ್ಯಾಕ್ಸಿವೇಗೆ ತಿರುಗಿದಾಗಲೂ ವಿಂಡ್‌ಸಾಕ್ (ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ) ನೋಡುತ್ತೇನೆ. ಗಾಳಿ ಹಿಂದಿನ ಒಂದು ಪಕ್ಕದಿಂದ ಬಂದರೆ ಯೋಕ್ ಮುಂದಕ್ಕೆ, ಗಾಳಿ ಬರುವ ಕಡೆಗೆ ವಿರುದ್ಧವಾಗಿ. ಎಂಜಿನ್ ನಿಲ್ಲಿಸುವವರೆಗೂ ಕೈ ಅಲ್ಲೇ.