ದೊಡ್ಡವರ ಕಿವಿನೋವು: ಕಿವಿಯ ಜೊತೆಗೆ ಗಂಟಲನ್ನೂ ತೋರಿಸಬೇಕಾದಾಗ

ನೆಗಡಿಯಾದ ಮಗುವಿಗೆ ಕಿವಿ ಸೋರುವುದು ಕೋಲಾರ ಸೀಮೆಯ ಯಾವ ಮನೆಗೂ ಹೊಸದಲ್ಲ. ಆದರೆ ನಲವತ್ತು ದಾಟಿದವರಿಗೆ ನೆಗಡಿಯೂ ಇಲ್ಲದೆ, ಒಂದೇ ಕಡೆಯ ಕಿವಿ ಮುಚ್ಚಿಕೊಂಡಂತಾಗಿ ಅಥವಾ ನೋಯುತ್ತಾ ವಾರಗಟ್ಟಲೆ ಉಳಿದರೆ ಅದನ್ನು ಬೇರೆಯಾಗಿಯೇ ನೋಡಬೇಕು. ಕಿವಿಯ ಸೋಂಕಿನಿಂದ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಬಹುಪಾಲು ಸೋಂಕುಗಳು ಬರಿಯ ಸೋಂಕುಗಳೇ. ಮೂಗಿನ ಹಿಂದೆಯೋ ಗಂಟಲಲ್ಲೋ ಬೆಳೆಯುವ ಗಡ್ಡೆಯ ಮೊದಲ ತೊಂದರೆ ಕೆಲವೊಮ್ಮೆ ಕಿವಿಯಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ.

ಇದಕ್ಕೆ ದಾರಿ ಎರಡು. ಕಿವಿತಮಟೆಯ ಹಿಂದಿನ ಪೊಳ್ಳು ಜಾಗದಿಂದ ಮೂಗಿನ ಹಿಂಭಾಗಕ್ಕೆ ಸುಮಾರು ಮೂರೂವರೆ ಸೆಂಟಿಮೀಟರ್ ಉದ್ದದ ಕೊಳವೆಯೊಂದಿದ್ದು, ಅದರ ಬಾಯಿಯನ್ನು ಗಡ್ಡೆ ಮುಚ್ಚಿದರೆ ತಮಟೆಯ ಹಿಂದೆ ನೀರು ತುಂಬಿ, ನೋವೇ ಇಲ್ಲದೆ ಕಿವಿ ಮಂದವಾಗುತ್ತದೆ. ಇನ್ನೊಂದು ನರಗಳ ದಾರಿ. ನಾಲಿಗೆಯ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಗಳಿಗೆ ಹೋಗುವ ನರಗಳ ಕವಲುಗಳು ಕಿವಿಗೂ ಹೋಗುವುದರಿಂದ, ಅಲ್ಲಿನ ಹುಣ್ಣಿನ ನೋವು ಕಿವಿಯದೆಂದೇ ಅನಿಸುತ್ತದೆ. ಹಾಗಾಗಿ ‘ಕಿವಿ ಚೆನ್ನಾಗಿಯೇ ಇದೆ’ ಎಂದು ವೈದ್ಯರು ಹೇಳಿದ ಮೇಲೂ ನೋವು ನಿಲ್ಲದಿದ್ದರೆ, ಸಮಾಧಾನಪಟ್ಟು ಸುಮ್ಮನಾಗದೆ ಗಂಟಲನ್ನು ನೋಡಿಸಬೇಕು.

ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಕಿವಿಗೆ ಬಿಡಬೇಡಿ. ತಮಟೆ ತೂತಾಗಿದ್ದರೆ ಅದು ನೇರವಾಗಿ ಒಳಕ್ಕೆ ಇಳಿಯುತ್ತದೆ. ಔಷಧಿ ಅಂಗಡಿಯವರು ಕೊಟ್ಟ ಅದೇ ಹನಿಗಳನ್ನು ಮತ್ತೆ ಮತ್ತೆ ತಂದು ಹಾಕುವುದೂ ಬೇಡ. ತೊಂದರೆ ಶುರುವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಮೂರು ವಾರ ದಾಟಲು ಬಿಡಬೇಡಿ. ಕನ್ನಡಿಯ ಮುಂದೆ ನಿಂತು, ಟಾರ್ಚ್ ಬೆಳಕಿನಲ್ಲಿ ಕೆನ್ನೆಯ ಒಳಭಾಗ ಮತ್ತು ನಾಲಿಗೆಯ ಅಂಚುಗಳನ್ನು ನೋಡಿ, ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು ಇದೆಯೇ ಗಮನಿಸಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹಿಡಿಸದಂತಾಗಿದೆಯೇ, ಕತ್ತಿನಲ್ಲಿ ಗಂಟು ಸಿಗುತ್ತದೆಯೇ, ಧ್ವನಿ ಒಡೆದಿದೆಯೇ, ಉಗುಳಿನಲ್ಲಿ ಅಥವಾ ಮೂಗಿನಿಂದ ರಕ್ತ ಬರುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಇವುಗಳಲ್ಲಿ ಒಂದಿದ್ದರೂ ಮೂರು ವಾರ ಕಾಯುವ ಅಗತ್ಯವಿಲ್ಲ.

ಕಿವಿ, ಮೂಗು, ಗಂಟಲಿನ ತಜ್ಞರು ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲೂ ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಸಿಗುತ್ತಾರೆ. ಅವರೆದುರು ‘ಊಟವಾದ ಮೇಲೆ ಎಲೆಅಡಿಕೆ ಹಾಕುತ್ತೇನೆ’ ಎಂದಷ್ಟೇ ಹೇಳಿ ನಿಲ್ಲಿಸಬಾರದು. ಕಡ್ಡಿಪುಡಿ ಸೇರಿಸುತ್ತೀರಾ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ, ಎಷ್ಟು ವರ್ಷದಿಂದ, ರಾತ್ರಿ ಬಾಯಲ್ಲಿಟ್ಟುಕೊಂಡೇ ಮಲಗುತ್ತೀರಾ ಎಂಬುದೆಲ್ಲ ಅವರಿಗೆ ತಿಳಿಯಬೇಕು. ಈ ಸೀಮೆಯ ಹೆಂಗಸರಲ್ಲಿ ಈ ಅಭ್ಯಾಸ ಇರುವುದು ಗುಟ್ಟೇನಲ್ಲ. ಸೊಸೆಯ ಎದುರಿಗೆ ಹೇಳಲು ಸಂಕೋಚವಾದರೆ ಅವರನ್ನು ಹೊರಗೆ ಕೂರಿಸಿಯಾದರೂ ಹೇಳಿ. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕ್ಯಾನ್ಸರ್‌ಕಾರಕವೆಂದು ಹೆಸರಿಸಿದೆ.

ಕಿವಿಯನ್ನು ಮಾತ್ರ ನೋಡಿ ಕಳಿಸುವಂತಿದ್ದರೆ, ಮೂಗಿನ ಹಿಂಭಾಗ ಮತ್ತು ಗಂಟಲನ್ನು ಎಂಡೋಸ್ಕೋಪಿಯಲ್ಲಿ, ಅಂದರೆ ಒಳಗಿನದನ್ನು ತೋರಿಸುವ ಸಣ್ಣ ಕೊಳವೆ ಹಾಕಿ, ನೋಡಬೇಕೇ ಎಂದು ನೀವೇ ಕೇಳಿ. ಶ್ರವಣ ಪರೀಕ್ಷೆಯೂ ತಮಟೆಯ ಹಿಂದಿನ ಒತ್ತಡ ಅಳೆಯುವ ಪರೀಕ್ಷೆಯೂ ನೋವಿಲ್ಲದವು. ಅನುಮಾನದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ರೋಗ ಹರಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಓಡಾಡುತ್ತಿದೆ. ಅದನ್ನು ನಂಬಿ ತಿಂಗಳುಗಟ್ಟಲೆ ಕಳೆಯುವುದೇ ನಿಜವಾದ ಅಪಾಯ.

ಸಕ್ಕರೆ ಕಾಯಿಲೆಯ ವಯಸ್ಸಾದವರಿಗೆ ನಿದ್ದೆಗೆಡಿಸುವಂಥ ಕಿವಿನೋವು ಬಂದಾಗ ಚೀಟಿಯಲ್ಲಿ, ಸಾಮಾನ್ಯವಾಗಿ ಕ್ಯಾನ್ಸರ್‌ಗೆ ಬಳಸುವ ‘ಮ್ಯಾಲಿಗ್ನೆಂಟ್’ ಎಂಬ ಪದ ಕಂಡು ಮನೆಯವರು ಕಂಗಾಲಾಗುವುದುಂಟು. ‘ಮ್ಯಾಲಿಗ್ನೆಂಟ್ ಒಟೈಟಿಸ್ ಎಕ್ಸ್‌ಟರ್ನಾ’ ಎಂಬುದು ಹೆಸರಿಗೆ ಹಾಗಿದ್ದರೂ ಕ್ಯಾನ್ಸರ್ ಅಲ್ಲ, ಎಲುಬಿಗಿಳಿಯುವ ಸೋಂಕು, ಆದರೂ ತಡಮಾಡುವಂಥದ್ದಲ್ಲ. ಮುಖ ಒಂದು ಕಡೆ ವಾಲಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವಂತೆ ಹೇಳಿದರೆ ಜಿಲ್ಲಾ ಆಸ್ಪತ್ರೆಯ ಶಿಫಾರಸು ಪತ್ರ, ಪಡಿತರ ಚೀಟಿ, ಆಧಾರ್, ಈವರೆಗಿನ ಎಲ್ಲ ವರದಿಗಳನ್ನು ಒಂದೇ ಚೀಲದಲ್ಲಿಟ್ಟುಕೊಂಡು, ಹೊರರೋಗಿ ವಿಭಾಗದ ಸಾಲು ಬೆಳೆಯುವ ಮುನ್ನ ತಲುಪುವಂತೆ ಬೆಳಗಿನ ಮೊದಲ ಬಸ್ಸನ್ನೇ ಹಿಡಿಯಿರಿ.